ಸುಣ್ಣದ ಗೆರೆಯ ಲಾರಿ

“ಏ ಹುಡುಗೀ, ಅಲ್ಲೇ ನಿಂದ್ರು. ನೀ ಇಂಜಿನ್ ಮ್ಯಾಲೆ ನಿಂತೀದಿ.”

ಅಮೃತವ್ವ ಬೆಚ್ಚಿ ಕೆಳಗೆ ನೋಡಿದಳು. ಕಾಲ ಕೆಳಗೆ ಇಂಜಿನ್ ಇರಲಿಲ್ಲ. ಹತ್ತಿ ಗೋದಾಮಿನ ಕಲ್ಲುಹಾಸಿನ ನೆಲವಿತ್ತು. ನೆಲದ ಮೇಲೆ ಯಾರೋ ಸುಣ್ಣದಿಂದ ಉದ್ದುದ್ದ ಗೆರೆ ಎಳೆದಿದ್ದರು, ಅಷ್ಟೆ.

ಹೇಳಿದವರು ಕಂಪನಿಯ ಮ್ಯಾನೇಜರ್ ಶ್ರೀಪಾದರಾಯರು. ಕರಿ ಟೊಪ್ಪಿಗೆ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಅಂಗೈಯಲ್ಲಿ ಗಡಿಯಾರ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬಾವಿಯ ಕಟ್ಟೆ ಹತ್ತಿದ ಕೂಸಿಗೆ ಹೇಳುವ ಹಾಗೆ ಕಾಳಜಿಯಿಂದ ಹೇಳಿದ್ದರು. ಸುತ್ತು ಹಾಕಿ ಬಾಗಿಲಿನಿಂದ ಬರಬೇಕು ಎಂದು ತೋರಿಸಿ, ಒಳಗಿನಿಂದ ಯಾರೋ ಕರೆದರೆಂದು ಕಚೇರಿಗೆ ಹೋದರು.

ಗೆರೆಗಳ ನಡುವೆ ಒಂದು ಕುರ್ಚಿ ಇತ್ತು. ಕುರ್ಚಿಯ ಮೇಲೆ ಖಾಕಿ ಅಂಗಿ ತೊಟ್ಟು ಅವಳ ಅಪ್ಪ ಬೀರಲಿಂಗಪ್ಪ ಕೂತಿದ್ದ. ಹಿಟ್ಟು ಜರಡಿ ಹಿಡಿಯುವ, ತಳ ಹರಿದ ಸಾಣಿಗೆಯ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಎದುರಿನ ಗೋಡೆಯನ್ನು ನೋಡುತ್ತ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸುತ್ತಿದ್ದ.

ಅಪ್ಪ ಲಾರಿ ಹೊಡೆಯುತ್ತಿದ್ದ.

ಬುತ್ತಿ ಗಂಟು ಹಿಡಿದಿದ್ದ ಅಮೃತವ್ವನಿಗೆ ನೆಲ ಬಾಯಿ ಬಿಟ್ಟರೆ ಸಾಕು ಎನಿಸಿತು. ಪಕ್ಕದಲ್ಲಿ ಗೆಳತಿ ನಜಮಾ ಇದ್ದಳು. ಅವಳನ್ನು ತಾನೇ ಕರೆದುಕೊಂಡು ಬಂದಿದ್ದಳು, ಕಂಪನಿಯ ಹೊಸ ಲಾರಿ ತೋರಿಸುತ್ತೇನೆ ಎಂದು. ಬೆಟಗೇರಿಯ ಶಾಲೆಯಲ್ಲಿ ಅಮೃತವ್ವ ಆ ಲಾರಿಯ ಬಣ್ಣವನ್ನೂ ಹೇಳಿಬಿಟ್ಟಿದ್ದಳು. ಹಸಿರು, ಅಂಚಿಗೆ ಹಳದಿ.

ಆಗ ಸ್ವಾತಂತ್ರ್ಯ ಬಂದು ಒಂದು ವರ್ಷವಾಗಿತ್ತು. ಗದಗಿನ ಆ ಹತ್ತಿ ಕಂಪನಿ ಮುಂಬೈಯಿಂದ ಒಂದು ಲಾರಿ ತರಿಸಲು ಹೇಳಿ, ಅದಕ್ಕೆ ಮೊದಲೇ ಇಬ್ಬರು ಡ್ರೈವರರನ್ನು ನೇಮಿಸಿಕೊಂಡಿತ್ತು. ಒಬ್ಬ ಬೀರಲಿಂಗಪ್ಪ, ಇನ್ನೊಬ್ಬ ಸಕ್ರಪ್ಪ. ಡ್ರೈವರರು ಬಂದರು, ಖಾಕಿ ಬಂತು, ಪಗಾರವೂ ಶುರುವಾಯಿತು. ಲಾರಿ ಮಾತ್ರ ಬರಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಮುಂಬೈಯಿಂದ ಖಬರು ಬರುತ್ತಲೇ ಇತ್ತು.

ಶ್ರೀಪಾದರಾಯರು ಶಿಸ್ತಿನ ಮನುಷ್ಯ. ಸುಮ್ಮನೆ ಕೂತರೆ ಡ್ರೈವರರ ಕೈಕಾಲು ಮರೆತುಹೋಗುತ್ತವೆ, ಲಾರಿ ಬಂದ ದಿನ ಗೋಡೆಗೆ ಗುದ್ದುತ್ತಾರೆ ಎಂಬುದು ಅವರ ಲೆಕ್ಕ. ಅದಕ್ಕೇ ನೆಲದ ಮೇಲೆ ಅಳತೆ ಹಿಡಿದು ಲಾರಿ ಬರೆಸಿದ್ದರು. ಬೆಳಿಗ್ಗೆ ಕೆಲಸದ ವೇಳೆಯ ಭೋಂಗಾ ಕೂಗಿದ ಕೂಡಲೇ ಒಬ್ಬ ಡ್ರೈವರ್ ಹತ್ತಬೇಕು. ಹುಬ್ಬಳ್ಳಿಗೆ ಹೋಗಿ ಬರಬೇಕು. ಅರ್ಧ ದಾರಿಯಾದಾಗ ರಾಯರು ಗಡಿಯಾರ ನೋಡಿ, ಅಣ್ಣಿಗೇರಿ ಬಂತು ಎಂದು ಹೇಳಿ ಚಹಾ ತರಿಸುತ್ತಿದ್ದರು. ಒಂದು ದಿನ ಸಕ್ರಪ್ಪ ಸಾಣಿಗೆಯ ಬಳೆ ಹಿಡಿದೇ ತೂಕಡಿಸಿದ್ದ. ರಾಯರು ಅವನನ್ನು ಎಬ್ಬಿಸಿ, ನೀನು ಈಗ ಒಂದು ಎತ್ತಿನ ಬಂಡಿಗೆ ಗುದ್ದಿದ್ದೀ ಎಂದು ಹೇಳಿ ಅರ್ಧ ದಿನ ಮನೆಗೆ ಕಳಿಸಿದ್ದರಂತೆ.

ಇದೊಂದೂ ಅಮೃತವ್ವನಿಗೆ ಗೊತ್ತಿರಲಿಲ್ಲ. ಅಪ್ಪ ಸಂಜೆ ಮನೆಗೆ ಬಂದು, ಇವತ್ತು ಹುಬ್ಬಳ್ಳಿಗೆ ಹೋಗಿದ್ದೆ ಎಂದಷ್ಟೇ ಹೇಳುತ್ತಿದ್ದ.

ಅವಳು ನಜಮಾಳ ಮುಖ ನೋಡಲಾರದೆ ನಿಂತಳು. ಆದರೆ ನಜಮಾ ನಗಲಿಲ್ಲ. ಗೆರೆಯ ಸುತ್ತ ಒಂದು ಸುತ್ತು ಬಂದಳು. ಬಾಗಿಲು ಎಂದು ಬರೆದ ಕಡೆ ನಿಂತು, “ಕಾಕಾ, ಈ ಲಾರಿ ಮುಂಡರಗಿಗೆ ಹೋಗತೈತೇನ್ರಿ? ಅಲ್ಲಿ ನಮ್ಮ ನಾನಿ ಅದಾಳ” ಎಂದು ಕೇಳಿದಳು.

ಅಪ್ಪನ ಕಿವಿಗಳು ಕೆಂಪಾಗಿದ್ದವು. ಮಗಳನ್ನು ನೋಡಿದ, ನಜಮಾಳನ್ನು ನೋಡಿದ. ಆಮೇಲೆ ಕೈ ಚಾಚಿ ಇಲ್ಲದ ಬಾಗಿಲನ್ನು ತೆರೆದ. “ಹತ್ತರಿ” ಎಂದ.

ಇಬ್ಬರೂ ನೆಲದ ಮೇಲೆ ಕೂತರು. ಅಪ್ಪ ಗೇರ್ ಹಾಕಿದ. ಎಡಕ್ಕೆ ತಿರುಗಿಸಿದಾಗ ನಜಮಾ ಬಲಕ್ಕೆ ವಾಲಿದಳು. ಅಮೃತವ್ವ ಮಾತ್ರ ಅಲುಗಾಡದೆ ಕೂತಿದ್ದಳು. ಗೋಡೆ ಎಲ್ಲಿತ್ತೋ ಅಲ್ಲೇ ಇತ್ತು.

ಅಷ್ಟರಲ್ಲಿ ರಾಯರು ಹೊರಗೆ ಬಂದರು. ಲಾರಿಯಲ್ಲಿ ಮೂವರು ಇರುವುದನ್ನು ಕಂಡು ಅವರ ಹುಬ್ಬು ಏರಿತು.

“ಬೀರಲಿಂಗಪ್ಪ, ಕಂಪನಿ ಲಾರಿಯೊಳಗ ಪ್ಯಾಸೆಂಜರ್ ಹತ್ತಿಸೂಹಂಗಿಲ್ಲ. ಇಳಸು ಅವರನ್ನ.”

ಅಪ್ಪ ಬ್ರೇಕ್ ಒತ್ತಿ ನಿಲ್ಲಿಸಿದ. ಹುಡುಗಿಯರು ಏಳುವಷ್ಟರಲ್ಲಿ ರಾಯರಿಗೆ ಏನೋ ಹೊಳೆಯಿತು. “ತಡೀರಿ. ಈಗ ಎಲ್ಲಿ ಅದೀರಿ?”

“ಡಂಬಳದ ಹತ್ರ ಸಾಹೇಬರ.”

“ಊರೊಳಗೋ, ಹೊರಗೋ?”

“ಹೊರಗರಿ. ಬಯಲಾಗ ಅದೀವಿ.”

ರಾಯರು ಗಲ್ಲ ಉಜ್ಜಿಕೊಂಡರು. ಸಣ್ಣ ಹೆಣ್ಣುಮಕ್ಕಳನ್ನು ಬಟ್ಟಬಯಲಿನಲ್ಲಿ ಇಳಿಸಿ ಬರುವುದು ಅವರ ಮನಸ್ಸಿಗೆ ಒಪ್ಪಲಿಲ್ಲ. ಲಾರಿ ತಿರುಗಿಸಿಕೊಂಡು ಗದಗಿಗೆ ಬಂದು ಇಲ್ಲಿಯೇ ಇಳಿಸಬೇಕೆಂದು ಹೇಳಿದರು. ಅಪ್ಪ ಹಿಂದೆ ಮುಂದೆ ಮಾಡಿ ಲಾರಿ ತಿರುಗಿಸಿದ. ಡಂಬಳದಿಂದ ಗದಗಿಗೆ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇಬ್ಬರೂ ನೆಲದ ಮೇಲೆ ಕೂತರು. ರಾಯರು ಗಡಿಯಾರ ಹಿಡಿದು ಕಾದರು. ಬುತ್ತಿಯ ರೊಟ್ಟಿ ತಣ್ಣಗಾಯಿತು.

ಮನೆಗೆ ಹೋಗುವ ದಾರಿಯಲ್ಲಿ ಅಮೃತವ್ವ ನಜಮಾಳಿಂದ ಆಣೆ ಹಾಕಿಸಿಕೊಂಡಳು, ಯಾರಿಗೂ ಹೇಳಬಾರದು ಎಂದು. ನಜಮಾ ಒಂದು ದಿನ ಹೇಳಲಿಲ್ಲ. ಮರುದಿನ ತಡೆಯಲಾಗಲಿಲ್ಲ. ಅವಳು ಅಣಕಿಸಲು ಹೇಳಿದ್ದಲ್ಲ, ಅವಳಿಗೆ ಆ ಸವಾರಿ ಖರೆಯಾಗಿಯೂ ಸೇರಿತ್ತು. ವಾರ ಕಳೆಯುವುದರೊಳಗೆ ಬೆಟಗೇರಿಯ ಓಣಿಗಳಲ್ಲಿ ಎಲ್ಲಿ ನೋಡಿದರೂ ಲಾರಿಗಳು. ಇದ್ದಿಲಿನ ಲಾರಿ, ಕೆಮ್ಮಣ್ಣಿನ ಲಾರಿ, ನೇಕಾರರ ಕಟ್ಟೆಯ ಮೇಲೆ ಬಣ್ಣದ ಲಾರಿ. ಮನೆಯ ಮುಂದೆ ರಂಗೋಲಿ ಹಾಕಲು ಜಾಗವಿಲ್ಲವೆಂದು ಹೆಂಗಸರು ಬೈಯತೊಡಗಿದರು. ಶಾಲೆಯಲ್ಲಿ ಹುಡುಗರು ಅಮೃತವ್ವ ನಡೆದು ಬರುವಾಗ, “ಇಂಜಿನ್ ತುಳೀಬ್ಯಾಡವಾ” ಎಂದು ಸಾಲಾಗಿ ಹೇಳುತ್ತಿದ್ದರು. ಪಾಠ ಹೇಳುವ ಅಕ್ಕೋರು ಕೂಡ ಒಮ್ಮೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಒಂದು ಸಂಜೆ ಅಪ್ಪ ಮನೆಗೆ ಎರಡು ಸುದ್ದಿ ತಂದ.

ಕಂಪನಿಯವರು ಇನ್ನೊಂದು ಲಾರಿಗೂ ಮುಂಬೈಗೆ ಹೇಳಿದ್ದರು. ಅದು ಬರುವ ತನಕ ಗೋದಾಮಿನಲ್ಲಿ ಎರಡನೆಯ ಲಾರಿ ಬರೆಸುತ್ತಾರೆ. ಬೀರಲಿಂಗಪ್ಪ ಈಗ ಹೆಡ್ ಡ್ರೈವರ್. ಹೊಸಬರಿಗೆ ಕಲಿಸಬೇಕು, ಪಗಾರ ಹೆಚ್ಚು. ಇದು ಮೊದಲನೆಯದು.

ಎರಡನೆಯದನ್ನು ಹೇಳಿದವನು ಸಕ್ರಪ್ಪ. ಲಕ್ಷ್ಮೇಶ್ವರದಲ್ಲಿ ಒಂದು ಲಾರಿ ಇದೆ, ಅದಕ್ಕೆ ಡ್ರೈವರ್ ಇಲ್ಲ. ಮಿಲ್ಟ್ರಿಯವರು ಹರಾಜು ಹಾಕಿದ ಲಾರಿ. ಅದನ್ನು ಹೊಲ ಗೇಣಿಗೆ ಕೊಡುವ ಹಾಗೆ ಲಾವಣಿಗೆ ಕೊಡುತ್ತಾರಂತೆ.

ಅವ್ವ ರಾಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಪಗಾರ ಬರುವ ಲಾರಿಯನ್ನು ಬಿಟ್ಟು ಹರಾಜಿನ ಲಾರಿಯ ಹಿಂದೆ ಯಾರು ಹೋಗುತ್ತಾರೆ ಎಂದು ಕೇಳಿದಳು. ಗೋದಾಮಿನದು ಲಾರಿಯೇ ಅಲ್ಲ ಎಂದು ಅಮೃತವ್ವ ನಡುವೆ ಬಾಯಿ ಹಾಕಿದಳು. ಶಾಲೆಯಲ್ಲಿ ಎಲ್ಲರೂ ತನ್ನನ್ನು ನೋಡಿ ನಗುತ್ತಾರೆ, ತಾನು ನಾಳೆಯಿಂದ ಶಾಲೆಗೇ ಹೋಗುವುದಿಲ್ಲ ಎಂದಳು. ಅಪ್ಪ ಅವಳ ಕಡೆ ನೋಡಿದ.

ರವಿವಾರ ಅವಳನ್ನು ಕರೆದುಕೊಂಡು ಲಕ್ಷ್ಮೇಶ್ವರಕ್ಕೆ ಹೋದ.

ಲಾರಿ ಒಂದು ದೊಡ್ಡ ಮನೆಯ ಹಿತ್ತಲಿನಲ್ಲಿತ್ತು. ಆ ಮನೆಯವರು ತಲೆಮಾರಿನಿಂದ ಗುಡಿಯ ಸೇವೆ ಮಾಡಿಕೊಂಡು ಬಂದವರು. ಲಾರಿಯನ್ನು ಹರಾಜಿನಲ್ಲಿ ಹಿಡಿದವನು ಮನೆಯ ಕಿರಿಯ ಮಗ ಮಾರ್ತಾಂಡ. ಅವನು ಅದನ್ನು ಹಿತ್ತಲಿಗೆ ತಂದು ನಿಲ್ಲಿಸಿ, ಪುಣೆಯಲ್ಲಿ ನೌಕರಿ ಸಿಕ್ಕಿತೆಂದು ಹೊರಟುಹೋಗಿದ್ದ. ಈಗ ಲಾರಿ ಅವನ ಅತ್ತಿಗೆ ಭಾಗೀರಥಿಬಾಯಿಯ ಪಾಲಿಗೆ ಬಂದಿತ್ತು. ಇಂಜಿನ್ನಿನ ಮುಚ್ಚಳದ ಮೇಲೆ ಹಪ್ಪಳ ಒಣಗುತ್ತಿದ್ದವು. ಮುಂದಿನ ಕಬ್ಬಿಣದ ಪಟ್ಟಿಗೆ ಒಂದು ಕರು ಕಟ್ಟಿತ್ತು. ಗಾಜಿಗೆ ಅರಿಸಿನ ಕುಂಕುಮ ಹಚ್ಚಿದ್ದರು.

ಅಮೃತವ್ವ ಮೆಲ್ಲಗೆ ಲಾರಿಯ ಚಕ್ರ ಮುಟ್ಟಿದಳು. ರಬ್ಬರು ಬಿಸಿಲಿಗೆ ಕಾದಿತ್ತು. ಖರೆ ಲಾರಿ.

ಭಾಗೀರಥಿಬಾಯಿ ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಲೇ ಮಾತಾಡಿದರು. ಅವರು ಆವರೆಗೆ ಲಾವಣಿಗೆ ಕೊಟ್ಟದ್ದು ಹೊಲಗಳನ್ನು ಮಾತ್ರ. ಲಾರಿಗೆ ಬೇರೆ ಪದ್ಧತಿ ಇರುತ್ತದೆ ಎಂದು ಅವರಿಗೆ ಅನಿಸಿರಲಿಲ್ಲ.

“ಬೆಳದದ್ರಾಗ ಅರ್ಧ ನಿಂದು, ಅರ್ಧ ನಂದು. ಬೀಜಾ ನಿಂದು.”

ಬೀಜ ಎಂದರೆ ಪೆಟ್ರೋಲ್ ಏನ್ರಿ ಎಂದು ಅಪ್ಪ ವಿನಯದಿಂದ ಕೇಳಿದ. ಅದಕ್ಕೆ ಏನು ಹಾಕಿದರೆ ಬೆಳೆಯುತ್ತದೋ ಅದು ಎಂದು ಅವರು ಹೇಳಿದರು. ಸೋಮವಾರ ಎತ್ತು ಹೂಡುವುದಿಲ್ಲ, ಹಾಗಾಗಿ ಲಾರಿಯನ್ನೂ ಹೂಡಬಾರದು. ಅಮಾವಾಸ್ಯೆಗೆ ಮೈ ತೊಳೆಯಬೇಕು. ಮತ್ತೆ, ಸೀಟಿನ ಮೇಲೆ ಬೆಕ್ಕು ಮರಿ ಹಾಕಿದೆ, ಅವು ಕಣ್ಣು ಬಿಡುವ ತನಕ ಲಾವಣಿ ಶುರುವಾಗುವುದಿಲ್ಲ.

ಅಪ್ಪ ಎಲ್ಲದಕ್ಕೂ ಹೂಂ ಅಂದ. ಕೊನೆಗೆ ಒಂದೇ ಮಾತು ಕೇಳಿದ.

“ಅಮ್ಮಾರ, ನಡುದಾರ್ಯಾಗ ಇದು ಕೆಟ್ಟು ನಿಂತರ?”

ಭಾಗೀರಥಿಬಾಯಿ ಮೊದಲ ಸಲ ಬತ್ತಿ ಹೊಸೆಯುವುದನ್ನು ಬಿಟ್ಟು ತಲೆ ಎತ್ತಿದರು. “ಮಳಿ ಬರಲಿಲ್ಲಂದ್ರ ಯಾರನ್ನ ಕೇಳತೀಪಾ? ನೀನೂ ಉಪವಾಸ, ನಾನೂ ಉಪವಾಸ.”

ಆ ಮಾತನ್ನು ಅಪ್ಪ ಮನೆಯಲ್ಲಿ ಬಚ್ಚಿಡದೆ ಹೇಳಿದ. ಅವ್ವ ಹೆದರಿದ್ದು ಅದಕ್ಕೇ. “ಆ ಲಾರಿ ನಿಂತ ದಿನ ನಮ್ಮ ಒಲಿನೂ ನಿಲ್ಲತೈತಿ” ಎಂದಳು. “ಹೌದು” ಎಂದು ಅಪ್ಪ ಒಪ್ಪಿಕೊಂಡ. ಅವ್ವ ಒಲೆಯ ಬೂದಿಯನ್ನು ಕೆದಕುತ್ತ ಕೂತಳು. ಹೋಗುವುದಾದರೆ ಹೋಗು, ಆದರೆ ಹುಬ್ಬಳ್ಳಿಗೆ ಹೋಗಿದ್ದೆ ಎಂದು ಇನ್ನು ಮುಂದೆ ಸುಳ್ಳು ಹೇಳಬೇಡ ಎಂದಳು. ಅಪ್ಪ ಹಾಗೆ ಹೇಳುತ್ತಿದ್ದಾಗಲೇ ಅವ್ವನಿಗೆ ಎಲ್ಲ ಗೊತ್ತಿತ್ತು ಎಂಬುದು ಅಮೃತವ್ವನಿಗೆ ಆಗಲೇ ತಿಳಿದದ್ದು.

ಬೆಕ್ಕಿನ ಮರಿಗಳು ಕಣ್ಣು ಬಿಟ್ಟ ಖಬರು ಬಂದ ದಿನ ಅಪ್ಪ ಕಂಪನಿಗೆ ಹೋಗಿ ಖಾಕಿ ಅಂಗಿ, ಟೊಪ್ಪಿಗೆ ಎರಡನ್ನೂ ಮಡಿಚಿ ಕೊಟ್ಟ. ರಾಯರಿಗೆ ನಿಜವಾಗಿಯೂ ಬೇಸರವಾಯಿತು. “ಖರೆ ಲಾರಿ ಕೆಡತದ, ಬೀರಲಿಂಗಪ್ಪ. ನಮ್ಮದು ಒಂದು ದಿನಾನೂ ಕೆಟ್ಟಿಲ್ಲ ನೋಡು” ಎಂದರು. ಅದು ಸುಳ್ಳೂ ಆಗಿರಲಿಲ್ಲ. ಹೊರಡುವ ಮುಂಚೆ ಲಾರಿಯನ್ನು ನೆರಳಿಗೆ ನಿಲ್ಲಿಸಿ ಹೋಗಬೇಕೆಂದು ಕೇಳಿಕೊಂಡರು. ಅಪ್ಪ ಕುರ್ಚಿಯ ಮೇಲೆ ಕೂತು, ನಿಲ್ಲಿಸಿ, ಬಾಗಿಲಿನಿಂದಲೇ ಇಳಿದು ಬಂದ.

ಮುಂದಿನ ರವಿವಾರ ಮೊದಲ ಬಾಡಿಗೆ. ಲಕ್ಷ್ಮೇಶ್ವರದಿಂದ ಬೆಟಗೇರಿಯ ಎಣ್ಣೆ ಮಿಲ್ಲಿಗೆ ಶೇಂಗಾ ಚೀಲ. ಹಟ ಮಾಡಿ ಅಮೃತವ್ವನೂ ಹೋದಳು. ಹತ್ತು ಮಂದಿ ನೂಕಿದ ಮೇಲೆ ಲಾರಿ ಕೆಮ್ಮಿತು, ನಡುಗಿತು, ಹೊರಟಿತು. ಭಾಗೀರಥಿಬಾಯಿ ಅದರ ಬೆನ್ನು ಚಪ್ಪರಿಸಿ ಕಳಿಸಿದರು. ಒಮ್ಮೆ ನಿಲ್ಲಿಸಿದರೆ ಮತ್ತೆ ಹತ್ತು ಮಂದಿಯನ್ನು ಹುಡುಕಬೇಕು, ಅದಕ್ಕೆ ಎಲ್ಲಿಯೂ ನಿಲ್ಲಿಸುವ ಹಾಗಿಲ್ಲ ಎಂದು ಅಪ್ಪ ಹೇಳಿದ.

ಆದರೆ ಶಿರಹಟ್ಟಿಗೆ ಹೋಗುವ ದಾರಿಯಲ್ಲಿ ಸುಂಕದ ನಾಕಾ ಇತ್ತು. ಮೊದಲು ಲಕ್ಷ್ಮೇಶ್ವರ ಒಬ್ಬ ರಾಜರದು, ಶಿರಹಟ್ಟಿ ಇನ್ನೊಬ್ಬ ರಾಜರದು, ಗದಗ ಇಂಗ್ರೇಜಿಯವರದು. ಈಗ ರಾಜರೂ ಇಲ್ಲ, ಇಂಗ್ರೇಜಿಯವರೂ ಇಲ್ಲ, ನಾಕಾದ ಸಿಪಾಯಿಯೂ ಇಲ್ಲ. ದಾರಿಗೆ ಅಡ್ಡ ಹಾಕಿದ ಗಳ ಮಾತ್ರ ಉಳಿದಿತ್ತು. ಅದನ್ನು ತೆಗೆಯಲು ಯಾರೂ ಹೇಳಿರಲಿಲ್ಲ. ಬಂದವರು ತಾವೇ ಇಳಿದು ಎತ್ತುತ್ತಿದ್ದರು, ದಾಟಿದ ಮೇಲೆ ತಾವೇ ಇಳಿಸಿ ಹೋಗುತ್ತಿದ್ದರು.

ಲಾರಿ ಮನುಷ್ಯ ನಡೆಯುವಷ್ಟು ಮೆಲ್ಲಗಾಯಿತು. ಅಮೃತವ್ವ ಕೆಳಗೆ ಹಾರಿ ಮುಂದೆ ಓಡಿದಳು. ಗಳ ಎತ್ತಿದಳು. ಲಾರಿ ದಾಟಿತು. ಅವಳು ಹತ್ತಲು ಓಡುವಾಗ, ಗಿಡದ ಬುಡದಲ್ಲಿ ಕೂತ ಮುದುಕನೊಬ್ಬ ಗಳ ಇಳಿಸದೆ ಹೊಂಟೆಯಲ್ಲ ಎಂದು ಗದರಿಸಿದ. ತಿರುಗಿ ಬಂದು ಇಳಿಸಿ, ಮತ್ತೆ ಓಡಿ, ಅಪ್ಪ ಚಾಚಿದ ಕೈ ಹಿಡಿದು ಹತ್ತಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಪ್ಪ ಬಾಯಿ ಬಿಟ್ಟು ನಕ್ಕದ್ದನ್ನು ಅವಳು ಬಹಳ ದಿನದ ಮೇಲೆ ನೋಡಿದಳು.

ಶಿರಹಟ್ಟಿ ದಾಟಿತು. ಹೊಲಗಳು ದಾಟಿದವು. ಗದಗ ಇನ್ನೇನು ಒಂದು ಹರದಾರಿ ಇದೆ ಎನ್ನುವಾಗ ಇಂಜಿನ್ನಿನೊಳಗೆ ಏನೋ ಮುರಿದ ಸದ್ದಾಯಿತು. ಲಾರಿ ನಿಂತಿತು.

ಅಪ್ಪ ಇಳಿದ. ಮುಚ್ಚಳ ಎತ್ತಿದ. ಲಾರಿಯ ಕೆಳಗೆ ಹೋದ, ಹೊರಗೆ ಬಂದ, ಮತ್ತೆ ಕೆಳಗೆ ಹೋದ. ಬಿಸಿಲು ನೆತ್ತಿಯ ಮೇಲಿತ್ತು. ದಾರಿಯಲ್ಲಿ ಯಾರೂ ಇರಲಿಲ್ಲ. ಅಪ್ಪ ಎದ್ದು ನಿಂತು ದಾರಿಯನ್ನು ಆ ಕಡೆ ನೋಡಿದ, ಈ ಕಡೆ ನೋಡಿದ. ಎಣ್ಣೆ ಹತ್ತಿದ ಕೈಯನ್ನು ಒರೆಸಿದಲ್ಲೇ ಒರೆಸುತ್ತಿದ್ದ.

ಅಪ್ಪ ಹೆದರಿದ್ದಾನೆ ಎಂದು ಅಮೃತವ್ವನಿಗೆ ಗೊತ್ತಾಯಿತು. ಯುದ್ಧದ ಕಾಲದಲ್ಲಿ ಪರದೇಶದ ಗುಡ್ಡಗಳಲ್ಲಿ ಮಿಲ್ಟ್ರಿ ಲಾರಿ ಹೊಡೆದು ಬಂದ ಅಪ್ಪ. ಇದೆಲ್ಲ ಹೀಗೇ ಆಗಬಹುದು ಎಂದು ಅವನಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಅಷ್ಟು ತಿಂಗಳು ಗೋಡೆ ನೋಡುತ್ತ ಸಾಣಿಗೆಯ ಬಳೆ ತಿರುಗಿಸಿದ್ದ, ಆ ಪಗಾರದಿಂದಲೇ ಮನೆಯಲ್ಲಿ ರೊಟ್ಟಿ ತಪ್ಪಿರಲಿಲ್ಲ. ತಾನು ಅತ್ತೂ ಕರೆದೂ ಅದನ್ನು ಬಿಡಿಸಿದೆನೇನೋ ಎಂದು ಅವಳಿಗೆ ಅನಿಸಿತು. ಹಸಿವಾಗಿದೆಯೇ ಎಂದು ಅಪ್ಪ ಕೇಳಿದ. ಇಲ್ಲ ಎಂದಳು.

ಹೊತ್ತು ಇಳಿಯುವಾಗ ಪಕ್ಕದ ಹೊಲದ ಕುಬೇರಪ್ಪ ಎಂಬ ರೈತ ಬಂದ. ಲಾರಿಯ ಸುತ್ತ ತಿರುಗಿ ನೋಡಿ, ನಾಳೆ ಸೋಮವಾರ, ನಾಳೆಯಾದರೆ ಎತ್ತು ಕೊಡಲಾಗುವುದಿಲ್ಲ, ಇವತ್ತೇ ಎಳೆಸಿಬಿಡೋಣ ಎಂದ. ಕೆಟ್ಟ ಬಂಡಿಯನ್ನು ದಾರಿಯಲ್ಲಿ ಬಿಟ್ಟು ಹೋಗುವುದು ಅವನಿಗೆ ಊಹೆಗೂ ಬರಲಿಲ್ಲ. ಅಕ್ಕಪಕ್ಕದ ಹೊಲಗಳಿಂದ ಎತ್ತುಗಳನ್ನು ಹೊಡೆದುಕೊಂಡು ಬಂದರು. ನೊಗ ಕಟ್ಟಿದರು, ಹಗ್ಗ ಬಿಗಿದರು. ಕುಬೇರಪ್ಪ ಹಾರ್ನ್ ಹೇಗೆ ಕೂಗುತ್ತದೆಂದು ನೋಡಲು ಒಮ್ಮೆ ಒತ್ತಿದ. ಎತ್ತುಗಳು ಬೆದರಿ ಲಾರಿಯನ್ನು ಒಂದೇ ಜಗ್ಗಿಗೆ ಅಷ್ಟು ದೂರ ಎಳೆದವು. ಇದು ಒಳ್ಳೇ ಉಪಾಯವೆಂದು ಅವನು ದಾರಿಯುದ್ದಕ್ಕೂ ಒತ್ತುತ್ತ ಬಂದ.

ಹೀಗೆ ಇಂಗ್ಲಂಡಿನಲ್ಲಿ ಮಾಡಿದ ಆ ಮಿಲ್ಟ್ರಿ ಲಾರಿ, ಎತ್ತುಗಳ ಹಿಂದೆ, ಸಂಜೆಯ ಹೊತ್ತಿಗೆ ಗದಗ ದಾಟಿ ಬೆಟಗೇರಿಗೆ ಬಂತು. ಮಗ್ಗದ ಸದ್ದು ಓಣಿ ಓಣಿಗೆ ನಿಂತಿತು. ನೇಕಾರರು ಹೊರಗೆ ಬಂದರು. ಮುಂದೆ, ಶಾಲೆಯ ಹತ್ತಿರ, ಮಕ್ಕಳ ದೊಡ್ಡ ಗುಂಪು ಓಡಿ ಬರುತ್ತಿತ್ತು. ಅವರ ಮುಂದೆ ನಜಮಾ.

ಅಪ್ಪ ದಾರಿಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದ. “ಅಮೃತಾ, ಇಲ್ಲೇ ಇಳದು ಹಿಂದಿನ ಓಣಿಗುಂಟ ಮನಿಗೆ ಹೋಗು. ಯಾರೂ ನೋಡೂದಿಲ್ಲ.”

ಅವಳು ಬಾಗಿಲಿನ ಹಿಡಿಕೆಯ ಮೇಲೆ ಕೈ ಇಟ್ಟಳು. ಅಷ್ಟರಲ್ಲಿ ಇಳಿಜಾರು ಬಂತು. ಚೀಲಗಳ ಭಾರಕ್ಕೆ ಲಾರಿ ಎತ್ತುಗಳ ಮೇಲೆ ಜಾರತೊಡಗಿತು. ಅಪ್ಪ ಬ್ರೇಕನ್ನು ಒತ್ತಿ ಹಿಡಿದ. ಎಡಕ್ಕೆ ಗಟಾರ, ಬಲಕ್ಕೆ ಕಟ್ಟೆಯ ಮೇಲೆ ಮಕ್ಕಳು. ಅವನ ಕಣ್ಣುಗಳು ಎತ್ತುಗಳ ಕಾಲನ್ನು, ಗಟಾರವನ್ನು, ಮಕ್ಕಳನ್ನು ಒಂದೊಂದಾಗಿ ನೋಡುತ್ತಿದ್ದವು. ಗೋದಾಮಿನಲ್ಲಿ ಆ ಕಣ್ಣುಗಳು ಹೀಗಿರಲಿಲ್ಲ. ಹಣೆಯ ಬೆವರು ಹುಬ್ಬಿನಿಂದ ಇಳಿದರೂ ಒರೆಸಿಕೊಳ್ಳಲಿಲ್ಲ.

ಅಮೃತವ್ವ ಹಿಡಿಕೆಯಿಂದ ಕೈ ತೆಗೆದಳು.

“ನಾ ಇಲ್ಲೇ ಕುಂಡ್ರತೀನಿ” ಎಂದಳು.

ಮಿಲ್ಲಿನ ತಿರುವು ಬಂತು. ಅಪ್ಪ ಎರಡೂ ಕೈಯಿಂದ ಸ್ಟೇರಿಂಗ್ ಚಕ್ರ ತಿರುಗಿಸಿದ. ಲಾರಿ ತಿರುಗಿತು.